ಒಂದೇ ‘ಸಮಯವಿದ್ದರೆ’, ಇಂಗ್ಲಿಷಿನಲ್ಲಿ ಮೂರು ರೂಪ

ಪ್ರಶ್ನೆ: ಇಂಗ್ಲಿಷಿನ ಕಂಡೀಷನಲ್ ವಾಕ್ಯಗಳ, ಅಂದರೆ ‘ಹೀಗಾದರೆ ಹಾಗೆ’ ಎಂಬ ಷರತ್ತಿನ ವಾಕ್ಯಗಳ, ನಾಲ್ಕು ಬಗೆಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇನೆ. ಬಿಟ್ಟ ಸ್ಥಳ ತುಂಬಿರಿ ಎಂದರೆ ತಪ್ಪಿಲ್ಲದೆ ತುಂಬುತ್ತೇನೆ. ಆದರೆ ಮಾತಿಗೆ ನಿಂತರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ. ಮೊನ್ನೆ ಸಹೋದ್ಯೋಗಿಯೊಬ್ಬರಿಗೆ ‘ಇಫ್ ಐ ವುಡ್ ಹ್ಯಾವ್ ನೋನ್, ಐ ವುಡ್ ಹ್ಯಾವ್ ಕೇಮ್’ ಎಂದೆ. ಸಂದರ್ಶನಕ್ಕೆ ಹೊರಟಿದ್ದ ಗೆಳತಿಗೆ ‘ಐ ವಿಶ್ ಯು ವಿಲ್ ಗೆಟ್ ದ ಜಾಬ್’ ಎಂದು ಸಂದೇಶ ಕಳುಹಿಸಿದೆ. ಎರಡೂ ತಪ್ಪು ಎಂದರು, ಏಕೆ ತಪ್ಪು ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಈಗಿನ ಮಾತನ್ನು ಹೇಳುವಾಗ ಇಂಗ್ಲಿಷಿನಲ್ಲಿ ಭೂತಕಾಲ ಏಕೆ ಬರುತ್ತದೆ? ಇದನ್ನು ನಿಯಮದ ಪಟ್ಟಿಯಿಲ್ಲದೆ ಕಲಿಯುವ ದಾರಿ ಇದೆಯೇ?

ಉತ್ತರ: ನಿಮ್ಮ ತೊಂದರೆಗೆ ನಿಯಮಗಳ ಮರೆವು ಕಾರಣವಲ್ಲ ಎಂಬುದು ಪ್ರಶ್ನೆಯಿಂದಲೇ ತಿಳಿಯುತ್ತದೆ. ಬಿಟ್ಟ ಸ್ಥಳವನ್ನು ತುಂಬುವಾಗ ವಾಕ್ಯದ ಅರ್ಧವನ್ನು ಬೇರೆಯವರು ಬರೆದಿರುತ್ತಾರೆ, ನೀವು ಅದಕ್ಕೆ ಹೊಂದುವ ಇನ್ನರ್ಧವನ್ನು ನೆನಪಿನಿಂದ ತೆಗೆದು ಇಡುತ್ತೀರಿ. ಮಾತನಾಡುವಾಗಲಾದರೋ ಮೊದಲ ಅರ್ಧವೂ ನಿಮ್ಮದೇ. ಅಲ್ಲಿ ಒಂದು ತೀರ್ಮಾನವನ್ನು ಬಾಯಿ ತೆರೆಯುವ ಮುನ್ನವೇ ಮಾಡಬೇಕಾಗುತ್ತದೆ, ಮತ್ತು ಆ ತೀರ್ಮಾನವನ್ನು ಅಷ್ಟು ಬೇಗ ಮಾಡುವ ಅಭ್ಯಾಸವನ್ನು ಕನ್ನಡ ನಮಗೆ ಕಲಿಸಿಲ್ಲ. ಈ ಮಾತನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಿಮ್ಮ ಎರಡೂ ತಪ್ಪುಗಳ ಬೇರು ಇಲ್ಲೇ ಇದೆ.

ಕನ್ನಡದ ಮೂರು ವಾಕ್ಯಗಳನ್ನು ನೋಡಿ. ‘ಸಮಯವಿದ್ದರೆ ಬರುತ್ತೇನೆ.’ ‘ಸಮಯವಿದ್ದರೆ ಬರುತ್ತಿದ್ದೆ.’ ‘ಸಮಯವಿದ್ದರೆ ನಿನ್ನೆಯೇ ಬರುತ್ತಿದ್ದೆ.’ ಮೊದಲನೆಯದರಲ್ಲಿ ಬರುವ ಸಾಧ್ಯತೆ ಇನ್ನೂ ತೆರೆದಿದೆ. ಎರಡನೆಯದರಲ್ಲಿ ಸಮಯವಿಲ್ಲ, ಆದ್ದರಿಂದ ಬರುವುದಿಲ್ಲ. ಮೂರನೆಯದರಲ್ಲಿ ಸಮಯವಿರಲಿಲ್ಲ, ಬರಲೂ ಇಲ್ಲ, ಕಥೆ ಮುಗಿದಿದೆ. ಅರ್ಥ ಮೂರು ಬಗೆಯಾದರೂ ವಾಕ್ಯದ ಆರಂಭದ ‘ಸಮಯವಿದ್ದರೆ’ ಎಂಬುದು ಕದಲಿಲ್ಲ. ಮಾತನಾಡುವವರು ಅದನ್ನು ಹೇಳಿ ಮುಗಿಸುವ ತನಕ, ಕೆಲವೊಮ್ಮೆ ಹೇಳಿ ಮುಗಿಸಿದ ಮೇಲೆ ಒಂದು ಕ್ಷಣ ತಡೆದು ಕೂಡ, ಬರುತ್ತೇನೆಂದು ಹೇಳುವುದೋ ಬರುತ್ತಿದ್ದೆನೆಂದು ಹೇಳುವುದೋ ಎಂಬುದನ್ನು ನಿರ್ಧರಿಸದೆ ಇರಬಹುದು. ಸಾಧ್ಯತೆ ಇದೆಯೋ ಇಲ್ಲವೋ ಎಂಬ ಗುಟ್ಟನ್ನು ಕನ್ನಡ ಕೊನೆಯ ಕ್ರಿಯಾಪದದಲ್ಲಿ ಬಿಟ್ಟುಕೊಡುತ್ತದೆ.

ಇಂಗ್ಲಿಷಿನಲ್ಲಿ ಇದೇ ಮೂರು ವಾಕ್ಯಗಳು ಹೀಗಿವೆ: ‘ಇಫ್ ಐ ಹ್ಯಾವ್ ಟೈಮ್, ಐ ವಿಲ್ ಕಮ್’, ‘ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್’, ‘ಇಫ್ ಐ ಹ್ಯಾಡ್ ಹ್ಯಾಡ್ ಟೈಮ್, ಐ ವುಡ್ ಹ್ಯಾವ್ ಕಮ್.’ ಇಲ್ಲಿ ‘ಇಫ್ ಐ’ ಎಂದ ಮರುಕ್ಷಣವೇ ಹ್ಯಾವ್, ಹ್ಯಾಡ್, ಹ್ಯಾಡ್ ಹ್ಯಾಡ್ ಎಂಬ ಮೂರರಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು. ಆ ಆಯ್ಕೆ ತಪ್ಪಿದರೆ ಮುಂದಿನ ಅರ್ಧವನ್ನು ಎಷ್ಟು ಸರಿಯಾಗಿ ಹೇಳಿದರೂ ವಾಕ್ಯ ಕೂಡುವುದಿಲ್ಲ. ಕನ್ನಡದಲ್ಲಿ ಯೋಚಿಸುತ್ತ ಇಂಗ್ಲಿಷಿನಲ್ಲಿ ಮಾತನಾಡುವವರು ‘ಇಫ್’ ಭಾಗವನ್ನು ಕೈಗೆ ಸಿಕ್ಕ ರೂಪದಲ್ಲಿ ಹೇಳಿಬಿಟ್ಟು, ಕೊನೆಯಲ್ಲಿ ಸರಿಪಡಿಸಿದರಾಯಿತು ಎಂದು ಸಾಗುತ್ತಾರೆ. ಕನ್ನಡದಲ್ಲಿ ಅದು ನಡೆಯುತ್ತದೆ, ಇಂಗ್ಲಿಷಿನಲ್ಲಿ ನಡೆಯುವುದಿಲ್ಲ.

‘ಹ್ಯಾಡ್ ಹ್ಯಾಡ್’ ಎಂಬುದನ್ನು ಮೊದಲ ಸಲ ನೋಡಿದವರು ಅಚ್ಚಿನ ದೋಷವೆಂದು ಭಾವಿಸುವುದುಂಟು. ಮೊದಲನೆಯ ‘ಹ್ಯಾಡ್’ ಬರಿಯ ಸಹಾಯಕ, ಎರಡನೆಯದು ‘ಇರು’ ಎಂಬ ಅರ್ಥದ ಮುಖ್ಯ ಕ್ರಿಯಾಪದ. ಇದನ್ನು ಕಂಡು ನಗುವ ಮುನ್ನ ನಮ್ಮ ‘ಸಮಯ ಇದ್ದಿದ್ದರೆ’ ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಬೇಕು. ಅಲ್ಲಿಯೂ ಇರು ಧಾತುವೇ ಎರಡು ಸಲ ಬಂದಿದೆ, ಅದೇ ಕಾರಣಕ್ಕೆ ಬಂದಿದೆ. ಹೀಗೆ, ಮುಗಿದ ಕಾಲದ ಸಂಗತಿಯನ್ನು ಆರಂಭದಲ್ಲೇ ಗುರುತಿಸುವ ರೂಪ ಕನ್ನಡದಲ್ಲಿಯೂ ಇದೆ. ‘ಬಂದಿದ್ದರೆ’, ‘ಹೇಳಿದ್ದರೆ’, ‘ಗೊತ್ತಿದ್ದಿದ್ದರೆ’ ಎಂಬವು ಅಂಥವು. ಆದರೆ ಅದನ್ನು ಬಳಸಲೇಬೇಕೆಂಬ ಕಟ್ಟುಪಾಡು ನಮ್ಮಲ್ಲಿಲ್ಲ, ‘ಗೊತ್ತಿದ್ದರೆ ನಿನ್ನೆಯೇ ಬರುತ್ತಿದ್ದೆ’ ಎಂದರೂ ಯಾರೂ ತಿದ್ದುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ: ಈಗಿನ ಮಾತಿಗೆ ಭೂತಕಾಲ ಏಕೆ? ಇಂಗ್ಲಿಷಿನ ಭೂತರೂಪ ಕಾಲವನ್ನು ಮಾತ್ರ ಹೇಳುವುದಿಲ್ಲ, ದೂರವನ್ನು ಹೇಳುತ್ತದೆ ಎಂದು ಹಿಡಿದರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ಆ ದೂರ ಹೆಚ್ಚಿನ ಸಲ ಕಾಲದ ದೂರ, ಕೆಲವೊಮ್ಮೆ ವಾಸ್ತವದಿಂದ ದೂರ, ಇನ್ನು ಕೆಲವೊಮ್ಮೆ ಎದುರಿಗಿರುವವರಿಂದ ಗೌರವಕ್ಕಾಗಿ ಕಾಯ್ದುಕೊಂಡ ದೂರ. ‘ಇಫ್ ಐ ಹ್ಯಾಡ್ ಟೈಮ್’ ಎನ್ನುವಾಗ ಮಾತು ಇವತ್ತಿನದೇ, ಆದರೆ ಸಮಯವಿರುವ ಆ ಲೋಕ ನಾನಿರುವ ಲೋಕವಲ್ಲ. ಮುಗಿದುಹೋದ ಕಾಲದ ಅವಾಸ್ತವವನ್ನು ಹೇಳಬೇಕಾದಾಗ ಭೂತರೂಪವೊಂದು ಆಗಲೇ ಕಾಲಕ್ಕಾಗಿ ಖರ್ಚಾಗಿರುತ್ತದೆ, ಆದ್ದರಿಂದ ಅವಾಸ್ತವಕ್ಕಾಗಿ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ‘ಹ್ಯಾಡ್ ಹ್ಯಾಡ್’ ಎನ್ನಬೇಕಾಗುತ್ತದೆ. ಅಂದರೆ ಸೂತ್ರ ಒಂದೇ. ನಡೆಯಬಹುದಾದದ್ದಾದರೆ ಇದ್ದಲ್ಲೇ ಇರಿ, ವಾಸ್ತವಕ್ಕೆ ವಿರುದ್ಧವಾದದ್ದಾದರೆ ಕಾಲರೂಪದಲ್ಲಿ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಿರಿ.

ಇದು ವಿಚಿತ್ರವೆಂದು ತೋರುವುದು ನಾವು ನಮ್ಮ ಮಾತನ್ನು ಕಿವಿಗೊಟ್ಟು ಕೇಳಿಸಿಕೊಳ್ಳದಿರುವುದರಿಂದ. ‘ಸರ್, ತಮ್ಮನ್ನು ಒಂದು ಮಾತು ಕೇಳಬೇಕಿತ್ತು’ ಎಂದು ಬಾಗಿಲಲ್ಲಿ ನಿಂತು ಹೇಳುತ್ತೇವಲ್ಲ, ಕೇಳಬೇಕಿರುವುದು ಈಗ ತಾನೇ? ‘ಕೇಳಬೇಕು’ ಎಂದರೆ ಒರಟಾಗುತ್ತದೆಂದು ‘ಕೇಳಬೇಕಿತ್ತು’ ಎಂದು ಒಂದು ಹೆಜ್ಜೆ ಹಿಂದೆ ಸರಿದಿದ್ದೇವೆ. ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’ ಎಂಬುದೂ ‘ಕುಡ್ ಯು ಹೆಲ್ಪ್ ಮಿ’ ಎಂಬುದೂ ಇದೇ ಹಿಂದೆ ಸರಿಯುವಿಕೆ. ಮೇಲಿನ ‘ಬರುತ್ತಿದ್ದೆ’ ಕೂಡ ರೂಪದಲ್ಲಿ ಭೂತಕಾಲದ್ದೇ. ‘ಆಗ ನಾನು ದಿನಾ ಬರುತ್ತಿದ್ದೆ’ ಎಂದರೆ ನಡೆದದ್ದು, ‘ಸಮಯವಿದ್ದರೆ ಬರುತ್ತಿದ್ದೆ’ ಎಂದರೆ ನಡೆಯದ್ದು. ಇಂಗ್ಲಿಷಿನ ‘ವುಡ್’ ಎಂಬ ಪದಕ್ಕೂ ಇವೆರಡೂ ಕೆಲಸಗಳಿವೆ: ಹಳೆಯ ರೂಢಿಯನ್ನು ನೆನೆಯುವಾಗಲೂ ಅದು ಬರುತ್ತದೆ, ನಡೆಯದ್ದನ್ನು ಊಹಿಸುವಾಗಲೂ ಬರುತ್ತದೆ. ‘ವುಡ್’ ಎಂಬುದನ್ನು ‘ವಿಲ್’ನ ಭೂತರೂಪವೆಂದು ಬಾಯಿಪಾಠ ಮಾಡುವುದಕ್ಕಿಂತ ನಮ್ಮ ‘-ತ್ತಿದ್ದೆ’ಯ ಜೊತೆಗಾರನೆಂದು ಹಿಡಿದರೆ ಬೇಗ ಕೈಗೆ ಬರುತ್ತದೆ ಎಂಬುದು ನನ್ನ ಅನುಭವ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ‘ಬಂದರೆ’, ‘ಹೋದರೆ’, ‘ತಿಂದರೆ’ ಎಂಬ ಪಕ್ಷಾರ್ಥಕ, ಅಂದರೆ ಷರತ್ತನ್ನು ಹೇಳುವ, ರೂಪಗಳೂ ಬಂದ, ಹೋದ, ತಿಂದ ಎಂಬ ಭೂತರೂಪಗಳ ಮೇಲೆಯೇ ಕಟ್ಟಿದವು. ಹಳಗನ್ನಡದ ‘ಬಂದೊಡೆ’ಯಲ್ಲಿಯೂ ಹಾಗೆಯೇ. ಆದರೆ ‘ನಾಳೆ ಮಳೆ ಬಂದರೆ’ ಎನ್ನುವಾಗ ಆ ಭೂತರೂಪಕ್ಕೆ ಅವಾಸ್ತವದ ಅರ್ಥವಿಲ್ಲ, ಮಳೆ ಬರುವುದು ಮೊದಲು ನಡೆದು ಉಳಿದದ್ದು ಆಮೇಲೆ ನಡೆಯಬೇಕು ಎಂಬ ಕ್ರಮದ ಸೂಚನೆಯಷ್ಟೇ ಇದೆ. ಆದ್ದರಿಂದ ‘ಬಂದರೆ’ ಕಂಡಲ್ಲೆಲ್ಲ ‘ಕೇಮ್’ ಎಂದು ಬರೆಯಬೇಡಿ. ‘ಇಫ್ ಇಟ್ ರೇನ್ಸ್ ಟುಮಾರೋ’ ಎಂದೇ ಆಗಬೇಕು.

ನಿಮ್ಮ ಮೊದಲ ವಾಕ್ಯವನ್ನು ಈಗ ಹತ್ತಿರದಿಂದ ನೋಡೋಣ. ‘ಇಫ್ ಐ ವುಡ್ ಹ್ಯಾವ್ ನೋನ್’ ಎಂಬಲ್ಲಿ ‘ವುಡ್’ ತನ್ನದಲ್ಲದ ಕೋಣೆಗೆ ಬಂದಿದೆ. ಫಲವನ್ನು ಹೇಳುವ ಭಾಗ ಅದರ ಮನೆ, ಷರತ್ತನ್ನು ಹೇಳುವ ಭಾಗದಲ್ಲಿ ಭೂತರೂಪ ತಾನೊಂದೇ ದೂರವನ್ನು ಸೂಚಿಸುವುದರಿಂದ ಅಲ್ಲಿ ಅದಕ್ಕೆ ಕೆಲಸವಿಲ್ಲ. ‘ವುಡ್ ಹ್ಯಾವ್ ಕೇಮ್’ ಎಂಬಲ್ಲಿಯ ದೋಷ ಬೇರೆ ಜಾತಿಯದು, ‘ಹ್ಯಾವ್’ ಆದ ಮೇಲೆ ಮೂರನೆಯ ರೂಪವಾದ ‘ಕಮ್’ ಬರಬೇಕು. ಸರಿಯಾದ ವಾಕ್ಯ ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್.’ ಎರಡೂ ಕಡೆ ‘ವುಡ್ ಹ್ಯಾವ್’ ಬಳಸುವುದು ಅಮೆರಿಕದವರ ಆಡುಮಾತಿನಲ್ಲಿ ಸಾಕಷ್ಟು ಕೇಳಿಬರುತ್ತದೆ, ಆದ್ದರಿಂದ ನೀವು ಅದನ್ನು ಎಲ್ಲಿಯೋ ಕೇಳಿ ಕಲಿತಿದ್ದರೆ ಆಶ್ಚರ್ಯವಿಲ್ಲ. ಬರಹದಲ್ಲಿಯೂ ಪರೀಕ್ಷೆಯಲ್ಲಿಯೂ ಅದನ್ನು ತಪ್ಪೆಂದೇ ಎಣಿಸುತ್ತಾರೆ.

ಈ ತಪ್ಪು ಕಿವಿಯ ಮೂಲಕವೂ ಒಳಗೆ ಬರುತ್ತದೆ. ಮಾತಿನಲ್ಲಿ ‘ಹ್ಯಾಡ್’ ಮತ್ತು ‘ವುಡ್’ ಎರಡೂ ಕುಗ್ಗಿ ಬರಿಯ ‘ಡ್’ ಆಗುತ್ತವೆ: ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್.’ ಮೊದಲ ‘ಐಡ್’ನಲ್ಲಿರುವುದು ಹ್ಯಾಡ್, ಎರಡನೆಯದರಲ್ಲಿರುವುದು ವುಡ್. ಎರಡಕ್ಕೂ ಒಂದೇ ಸದ್ದು ಇರುವುದರಿಂದ, ಕೇಳಿ ಕಲಿಯುವವರು ಎರಡೂ ಒಂದೇ ಎಂದು ತಿಳಿಯುವುದು ಸಹಜ. ಬಿಡಿಸುವ ಉಪಾಯ ಸುಲಭವಾಗಿದೆ: ‘ಡ್’ ಆದ ಮೇಲೆ ನೋನ್, ಸೀನ್, ಗಾನ್ ಎಂಬಂಥ ಮೂರನೆಯ ರೂಪ ಬಂದರೆ ಅದು ಹ್ಯಾಡ್, ಹ್ಯಾವ್, ಗೋ, ಸೀ ಎಂಬಂಥ ಮೂಲರೂಪ ಬಂದರೆ ಅದು ವುಡ್. ಹಾಗೆಯೇ ‘ವುಡ್ ಹ್ಯಾವ್’ ಎಂಬುದು ಮಾತಿನಲ್ಲಿ ‘ವುಡವ್’ ಎಂದು ಕೇಳಿಸುವುದರಿಂದ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರು ಕೂಡ ಅದನ್ನು ‘ವುಡ್ ಆಫ್’ ಎಂದು ಬರೆದುಬಿಡುತ್ತಾರೆ. ನಿಮಗೆ ಆ ಅಪಾಯ ಕಡಿಮೆ, ಏಕೆಂದರೆ ನೀವು ಓದಿ ಕಲಿತವರು.

‘ವಿಲ್’ ಕೂಡ ಷರತ್ತಿನ ಭಾಗದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ‘ಇಫ್ ಯು ವಿಲ್ ಕಮ್ ಟುಮಾರೋ’ ಎಂದು ಬರೆಯುವವರ ಮನಸ್ಸಿನಲ್ಲಿ ಹೆಚ್ಚಾಗಿ ‘ನೀವು ನಾಳೆ ಬರುವುದಾದರೆ’ ಎಂಬ ಮಾತಿರುತ್ತದೆ. ‘ಬಂದರೆ’ಗೂ ‘ಬರುವುದಾದರೆ’ಗೂ ಇರುವ ವ್ಯತ್ಯಾಸ ಸೂಕ್ಷ್ಮವಾದದ್ದು, ಬರುವುದಾದರೆ ಎಂಬಲ್ಲಿ ಬರುವವರ ನಿರ್ಧಾರ ಅಡಗಿದೆ. ಅದನ್ನು ಇಂಗ್ಲಿಷಿಗೆ ತರಲು ‘ಇಫ್ ಯು ಆರ್ ಕಮಿಂಗ್ ಟುಮಾರೋ’ ಎಂಬ ರೂಪ ಚೆನ್ನಾಗಿ ಹೊಂದುತ್ತದೆ. ದಯವಿಟ್ಟು ಎಂಬ ಧಾಟಿಯಲ್ಲಿ ಒಪ್ಪಿಗೆಯನ್ನು ಕೋರುವಾಗ ಮಾತ್ರ ‘ಇಫ್ ಯು ವಿಲ್ ವೇಟ್ ಎ ಮೊಮೆಂಟ್’ ಎಂಬಂತೆ ‘ವಿಲ್’ ಬರುತ್ತದೆ. ನಿರಾಕರಣೆಯ ವಾಕ್ಯದಲ್ಲಿ ಇನ್ನೊಂದು ಬಲೆ ಇದೆ: ‘ಬರದಿದ್ದರೆ’ ಎಂಬುದರ ‘-ದಿದ್ದರೆ’ ಪೂರ್ತಿಯಾಗಿ ‘ಅನ್‌ಲೆಸ್’ ಎಂಬ ಒಂದೇ ಪದದೊಳಗಿದೆ, ಆದ್ದರಿಂದ ‘ಅನ್‌ಲೆಸ್ ಯು ಡೋಂಟ್ ಕಮ್’ ಎಂದರೆ ನಿರಾಕರಣೆ ಎರಡು ಸಲವಾಗಿ ಅರ್ಥ ತಿರುಗಿಬೀಳುತ್ತದೆ.

ಬಗೆ ಸೊನ್ನೆ, ಬಗೆ ಒಂದು, ಎರಡು, ಮೂರು ಎಂಬ ಶಾಲೆಯ ಎಣಿಕೆಯ ಬಗ್ಗೆ (ಸೊನ್ನೆ ಎಂದರೆ ಯಾವಾಗಲೂ ನಿಜವಾಗಿರುವ ಮಾತು, ಉಳಿದವು ಮೇಲೆ ಕಂಡ ಮೂರು ‘ಟೈಮ್’ ವಾಕ್ಯಗಳ ಬಗೆಗಳು, ಅದೇ ಕ್ರಮದಲ್ಲಿ) ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಅದು ಪಾಠ ಹೇಳುವವರ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೇ ಹೊರತು ಭಾಷೆಯಲ್ಲಿ ಅಂಥ ನಾಲ್ಕು ಗೂಡುಗಳಿಲ್ಲ. ಷರತ್ತಿನ ಭಾಗ ಒಂದು ಕಾಲದ್ದಾಗಿ ಫಲದ ಭಾಗ ಇನ್ನೊಂದು ಕಾಲದ್ದಾಗಿರುವ ವಾಕ್ಯಗಳು ದಿನನಿತ್ಯದ ಮಾತಿನಲ್ಲಿ ಬೇಕಾದಷ್ಟು ಬರುತ್ತವೆ. ‘ಆಗಲೇ ಈಜು ಕಲಿತಿದ್ದರೆ ಈಗ ದಡದಲ್ಲಿ ನಿಂತು ನೋಡುತ್ತಿರಲಿಲ್ಲ’ ಎಂಬುದನ್ನು ತೆಗೆದುಕೊಳ್ಳಿ. ಕಲಿಯದಿದ್ದದ್ದು ಹಿಂದೆ, ನಿಂತು ನೋಡುತ್ತಿರುವುದು ಈಗ. ‘ಇಫ್ ಐ ಹ್ಯಾಡ್ ಲರ್ನ್ಟ್ ಟು ಸ್ವಿಮ್, ಐ ವುಡ್‌ಂಟ್ ಬಿ ಸ್ಟ್ಯಾಂಡಿಂಗ್ ಹಿಯರ್ ನೌ.’ ಮೂರನೆಯ ಬಗೆಯ ತಲೆಗೆ ಎರಡನೆಯ ಬಗೆಯ ಕಾಲು ಜೋಡಿಸಿದ ಹಾಗಿರುವ ಈ ವಾಕ್ಯಕ್ಕೆ ಪಠ್ಯಗಳಲ್ಲಿ ‘ಮಿಕ್ಸ್ಡ್’ ಎಂಬ ಐದನೆಯ ಹೆಸರಿಡುತ್ತಾರೆ. ಎರಡೂ ಭಾಗಗಳಿಗೆ ಪ್ರತ್ಯೇಕವಾಗಿ ‘ಇದು ಯಾವ ಕಾಲದ ಮಾತು, ನಿಜವೋ ಅಲ್ಲವೋ’ ಎಂದು ಕೇಳಿಕೊಳ್ಳುವವರಿಗೆ ಆ ಹೆಸರಿನ ಅಗತ್ಯವೇ ಬೀಳುವುದಿಲ್ಲ.

‘ಇಫ್ ಐ ವರ್ ಯು’ ಎಂಬಲ್ಲಿ ‘ಐ’ ಜೊತೆಗೆ ‘ವರ್’ ಏಕೆ ಎಂದು ನೀವು ಕೇಳಿಲ್ಲವಾದರೂ ಮುಂದೆ ಕೇಳುವಿರಿ. ಹಳೆಯ ಇಂಗ್ಲಿಷಿನಲ್ಲಿ ಊಹೆ, ಹಾರೈಕೆಗಳಿಗೆ ಕ್ರಿಯಾಪದದ ಬೇರೆಯೇ ರೂಪಗಳಿದ್ದವು. ಕಾಲಕ್ರಮದಲ್ಲಿ ಅವು ಹೆಚ್ಚಾಗಿ ಸವೆದುಹೋಗಿ ಉಳಿದ ತುಣುಕುಗಳಲ್ಲಿ ಈ ‘ವರ್’ ಒಂದು. ‘ಇಫ್ ಐ ವಾಸ್’ ಎಂಬುದು ಆಡುಮಾತಿನಲ್ಲಿ ಧಾರಾಳವಾಗಿ ನಡೆಯುತ್ತದೆ. ‘ನಾನು ನಿಮ್ಮ ಜಾಗದಲ್ಲಿದ್ದರೆ’ ಎಂಬ ಸಲಹೆಯ ಅರ್ಥದಲ್ಲಿ ಮಾತ್ರ ‘ಇಫ್ ಐ ವರ್ ಯು’ ಎಂದೇ ರೂಢಿಸಿಕೊಳ್ಳುವುದು ಕ್ಷೇಮ.

ಇನ್ನು ಹಾರೈಕೆಯ ವಿಷಯ. ನಿಮ್ಮ ಎರಡನೆಯ ತಪ್ಪಿಗೆ ಅರ್ಧ ಕಾರಣ ಇಂಗ್ಲಿಷ್ ವ್ಯಾಕರಣ, ಉಳಿದರ್ಧ ಕಾರಣ ಕನ್ನಡಕ್ಕೆ ಬಂದು ಅರ್ಥ ಬದಲಿಸಿಕೊಂಡ ‘ವಿಶ್’ ಎಂಬ ಪದ. ನಾವು ಹುಟ್ಟುಹಬ್ಬಕ್ಕೆ ‘ವಿಶ್ ಮಾಡುತ್ತೇವೆ’, ಮೇಲಧಿಕಾರಿ ಎದುರಾದರೆ ‘ವಿಶ್ ಮಾಡುತ್ತೇವೆ’. ನಮ್ಮ ಬಾಯಲ್ಲಿ ಅದು ಶುಭಾಶಯ ಇಲ್ಲವೇ ನಮಸ್ಕಾರ. ಇಂಗ್ಲಿಷಿನಲ್ಲಿಯೂ ‘ಐ ವಿಶ್ ಯು ಸಕ್ಸೆಸ್’ ಎಂದು ನಾಮಪದದೊಡನೆ ಬಂದಾಗ ಅದು ಶುಭಾಶಯವೇ. ಆದರೆ ‘ಐ ವಿಶ್’ ಆದ ಮೇಲೆ ಇನ್ನೊಂದು ಪೂರ್ಣ ವಾಕ್ಯ ಬಂದೊಡನೆ ಅದರ ಬಣ್ಣ ಬದಲಾಗುತ್ತದೆ. ಅಲ್ಲಿ ಅದು ಇಲ್ಲದ್ದಕ್ಕಾಗಿ ಹಂಬಲಿಸುವ ಮಾತು. ‘ಐ ವಿಶ್ ಐ ನ್ಯೂ ದ ಆನ್ಸರ್’ ಎಂದರೆ ಉತ್ತರ ನನಗೆ ಗೊತ್ತಿಲ್ಲ ಎಂದೇ ಅರ್ಥ. ಇದನ್ನು ‘ನಾನು ಆಶಿಸುತ್ತೇನೆ’ ಎಂದು ಅನುವಾದಿಸಿಕೊಂಡವರು ದಾರಿ ತಪ್ಪುತ್ತಾರೆ. ‘ಉತ್ತರ ಗೊತ್ತಿದ್ದರೆ ಚೆನ್ನಾಗಿತ್ತು’ ಎಂಬುದೇ ಇದಕ್ಕೆ ಹೊಂದುವ ಕನ್ನಡ, ಮತ್ತು ಈಗಿನ ಮಾತಾದರೂ ಅಲ್ಲಿ ‘ಚೆನ್ನಾಗಿತ್ತು’ ಎಂದೇ ಹೇಳುತ್ತೇವೆ ಎಂಬುದನ್ನು ಗಮನಿಸಿ. ಹಿಂದೆ ಸರಿಯುವ ಅದೇ ಹೆಜ್ಜೆ ಇಲ್ಲಿಯೂ ಇದೆ.

ನಡೆದುಹೋದದ್ದರ ಬಗ್ಗೆ ಹಳಹಳಿಸುವಾಗ ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಬೇಕು: ‘ಐ ವಿಶ್ ಐ ಹ್ಯಾಡ್ ಆಸ್ಕ್ಡ್ ಹಿಮ್’, ಅಂದರೆ ‘ಅವರನ್ನು ಕೇಳಿದ್ದರೆ ಚೆನ್ನಾಗಿತ್ತು’, ಕೇಳಲಿಲ್ಲ. ‘ಇಫ್ ಓನ್ಲಿ’ ಎಂಬುದು ಇದೇ ಕಟ್ಟಡದ ಹೆಚ್ಚು ನಿಟ್ಟುಸಿರಿನ ರೂಪ. ‘ಇಫ್ ಓನ್ಲಿ ಐ ಹ್ಯಾಡ್ ಆಸ್ಕ್ಡ್!’ ಎಂದು ಹೇಳಿ ನಿಲ್ಲಿಸಬಹುದು, ‘ಕೇಳಿದ್ದಿದ್ದರೆ...’ ಎಂದು ನಾವು ವಾಕ್ಯವನ್ನು ಅರ್ಧಕ್ಕೆ ಬಿಟ್ಟ ಹಾಗೆ.

‘ಐ ವಿಶ್’ ಜೊತೆಗೆ ‘ವುಡ್’ ಬರುವ ಮೂರನೆಯ ಬಗೆಯೇ ಹೆಚ್ಚು ಜನರಿಗೆ ತೊಡಕಾಗುವುದು. ಆದರೆ ಅದಕ್ಕೆ ಕನ್ನಡದಲ್ಲಿ ಎಷ್ಟು ಒಪ್ಪವಾದ ಸಾಟಿ ಇದೆಯೆಂದರೆ, ಕಲಿಸುವವರು ಅದನ್ನು ಹೇಳಿಕೊಡದೆ ಬಿಡುವುದೇ ನನಗೆ ಆಶ್ಚರ್ಯ. ‘ಅವನು ಒಂದು ಫೋನ್ ಆದರೂ ಮಾಡಬಾರದೇ!’ ಎಂದು ತಾಯಿ ಹೇಳುವಾಗ ಆ ‘ಬಾರದೇ’ಯಲ್ಲಿ ಆಸೆಯೂ ಇದೆ, ಅಸಮಾಧಾನವೂ ಇದೆ, ಅವನು ಮನಸ್ಸು ಮಾಡಿದರೆ ಮಾಡಬಲ್ಲ ಎಂಬ ಆಕ್ಷೇಪಣೆಯೂ ಇದೆ. ‘ಐ ವಿಶ್ ಹಿ ವುಡ್ ಕಾಲ್’ ಎಂಬಲ್ಲಿ ಈ ಮೂರೂ ಇವೆ. ‘ಈ ಮಳೆ ಒಂದು ಗಳಿಗೆ ನಿಲ್ಲಬಾರದೇ’ ಎಂದು ಆಕಾಶವನ್ನು ದೂರುವಾಗಲೂ ‘ಐ ವಿಶ್ ಇಟ್ ವುಡ್ ಸ್ಟಾಪ್ ರೇನಿಂಗ್’ ಎನ್ನಬಹುದು. ಇದರಿಂದಲೇ ‘ಐ ವಿಶ್ ಐ ವುಡ್’ ಎಂಬುದು ಏಕೆ ಕಿವಿಗೆ ಹಿಡಿಸುವುದಿಲ್ಲವೆಂದೂ ತಿಳಿಯುತ್ತದೆ: ‘ನಾನು ಒಂದು ಫೋನ್ ಆದರೂ ಮಾಡಬಾರದೇ’ ಎಂದು ನಮ್ಮನ್ನು ನಾವೇ ಆಕ್ಷೇಪಿಸಿಕೊಳ್ಳುವುದು ಅಪರೂಪ. ತನ್ನ ಬಗ್ಗೆ ಹೇಳಿಕೊಳ್ಳುವಾಗ ‘ಐ ವಿಶ್ ಐ ಕುಡ್’ ಎನ್ನುವುದು ರೂಢಿ. ಮೇಲಿನವರಿಗೆ ಬರೆಯುವ ಪತ್ರದಲ್ಲಿ ‘ಐ ವಿಶ್ ಯು ವುಡ್’ ಎಂದು ಬರೆಯಬೇಡಿ, ಅದರ ಒಳಗಿನ ಸಿಡುಕು ಅವರಿಗೆ ತಾಗುತ್ತದೆ. ‘ಐ ವಿಶ್ ಟು ಇನ್‌ಫಾರ್ಮ್ ಯು’ ಎಂಬ ಕಚೇರಿಯ ಪ್ರಯೋಗ ಬೇರೆ. ಅಲ್ಲಿ ‘ವಿಶ್’ ಎಂದರೆ ‘ಬಯಸುತ್ತೇನೆ’ ಎಂಬಷ್ಟೇ ಅರ್ಥ.

ಇದೇ ಬಳಗಕ್ಕೆ ಸೇರಿದ ಇನ್ನೆರಡು ಮಾತುಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ‘ಇಟ್ಸ್ ಟೈಮ್ ವಿ ಲೆಫ್ಟ್’ ಎಂದರೆ ಹೊರಡುವ ಹೊತ್ತಾಯಿತು, ಇನ್ನೂ ಹೊರಟಿಲ್ಲ. ‘ಐಡ್ ರಾದರ್ ಯು ಡಿಡ್‌ಂಟ್ ಟೆಲ್ ಹರ್’ ಎಂದರೆ ಅವಳಿಗೆ ಹೇಳದಿದ್ದರೇ ಒಳ್ಳೆಯದು. ಎರಡರಲ್ಲಿಯೂ ಭೂತರೂಪವಿದೆ, ಎರಡೂ ಭೂತಕಾಲದ ಮಾತುಗಳಲ್ಲ. ‘ಹ್ಯಾಡ್ ಐ ನೋನ್’, ‘ಶುಡ್ ಯು ನೀಡ್’ ಎಂಬಂತೆ ‘ಇಫ್’ ಅನ್ನು ಬಿಟ್ಟು ಪದಗಳನ್ನು ಅದಲುಬದಲು ಮಾಡುವ ರೂಪಗಳು ಹೆಚ್ಚಾಗಿ ಬರಹದವು. ಓದುವಾಗ ಗುರುತು ಸಿಕ್ಕರೆ ಸದ್ಯಕ್ಕೆ ಸಾಕು.

ಅಭ್ಯಾಸಕ್ಕೆ ನಾನು ಸೂಚಿಸುವ ದಾರಿಯಲ್ಲಿ ಪಟ್ಟಿಯಿಲ್ಲ. ಆ ದಿನ ನಿಜವಾಗಿ ನಡೆದ ಒಂದೇ ಒಂದು ಸಣ್ಣ ಸಂಗತಿಯನ್ನು ತೆಗೆದುಕೊಳ್ಳಿ. ರೈಲು ತಪ್ಪಿತು ಎನ್ನೋಣ. ಮೊದಲು ನಿಜವನ್ನು ಎರಡು ಸರಳ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿಯೇ ಬರೆಯಿರಿ: ‘ಐ ಗಾಟ್ ಅಪ್ ಲೇಟ್. ಐ ಮಿಸ್ಡ್ ದ ಟ್ರೈನ್.’ ಈಗ ಅದನ್ನು ಮಗುಚಿ: ‘ಇಫ್ ಐ ಹ್ಯಾಡ್‌ಂಟ್ ಗಾಟ್ ಅಪ್ ಲೇಟ್, ಐ ವುಡ್‌ಂಟ್ ಹ್ಯಾವ್ ಮಿಸ್ಡ್ ದ ಟ್ರೈನ್.’ ನಿಜದಲ್ಲಿ ಇದ್ದ ‘ಹೌದು’ ಊಹೆಯಲ್ಲಿ ‘ಇಲ್ಲ’ವಾಗುತ್ತದೆ, ನಿಜದಲ್ಲಿ ಇದ್ದ ಕಾಲರೂಪ ಊಹೆಯಲ್ಲಿ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ. ಅದೇ ಸಂಗತಿಯಿಂದ ‘ಐ ವಿಶ್ ಐ ಹ್ಯಾಡ್ ಗಾಟ್ ಅಪ್ ಅರ್ಲಿ’ ಎಂಬ ಹಂಬಲವನ್ನೂ ‘ಇಫ್ ಐ ಗೆಟ್ ಅಪ್ ಅರ್ಲಿ ಟುಮಾರೋ, ಐ ವಿಲ್ ಕ್ಯಾಚ್ ಇಟ್’ ಎಂಬ ನಾಳೆಯ ಮಾತನ್ನೂ ಕಟ್ಟಿ. ಕನ್ನಡದಿಂದ ನೇರವಾಗಿ ಅನುವಾದಿಸದೆ, ನಿಜದ ವಾಕ್ಯವನ್ನು ನಡುವೆ ಇಟ್ಟುಕೊಳ್ಳುವುದು ಇಲ್ಲಿ ಮುಖ್ಯ. ಏಕೆಂದರೆ ನಿಜ ಏನೆಂದು ಬರೆದ ಮೇಲೆ, ಯಾವ ರೂಪದಿಂದ ಆರಂಭಿಸಬೇಕೆಂಬ ತೀರ್ಮಾನ ‘ಇಫ್’ ಎನ್ನುವ ಮುನ್ನವೇ ಆಗಿರುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಆಮೇಲೆ ‘ಐಡ್’ ಎಂದು ಕುಗ್ಗಿಸಿ ಇನ್ನೊಮ್ಮೆ ಓದಿ.

ಗೆಳತಿಗೆ ಕಳುಹಿಸಿದ ಸಂದೇಶದ ಮಾತು ಉಳಿದಿದೆ. ಸಂದರ್ಶನ ಇನ್ನೂ ನಡೆದಿರಲಿಲ್ಲ, ಕೆಲಸ ಸಿಗುವ ಸಾಧ್ಯತೆ ತೆರೆದೇ ಇತ್ತು. ಅಂಥ ಆಸೆಗೆ ಇಂಗ್ಲಿಷಿನಲ್ಲಿ ‘ಹೋಪ್’ ಇದೆ: ‘ಐ ಹೋಪ್ ಯು ಗೆಟ್ ದ ಜಾಬ್.’ ‘ಹೋಪ್’ ಜೊತೆಗೆ ಹಿಂದೆ ಸರಿಯುವ ಹೆಜ್ಜೆ ಬೇಕಿಲ್ಲ, ‘ಯು ವಿಲ್ ಗೆಟ್’ ಎಂದರೂ ತಪ್ಪಿಲ್ಲ. ‘ವಿಶ್’ ಅನ್ನೇ ಬಳಸುವ ಮನಸ್ಸಿದ್ದರೆ ‘ಐ ವಿಶ್ ಯು ಆಲ್ ದ ಬೆಸ್ಟ್’ ಎಂದು ನಾಮಪದದೊಡನೆ ಮುಗಿಸಿ. ಕೆಲಸ ಸಿಗಲಿಲ್ಲವೆಂದು ಅವರು ಬರೆದರೆ, ಆಗ ‘ಐ ವಿಶ್ ಯು ಹ್ಯಾಡ್ ಗಾಟ್ ಇಟ್’ ಎಂದು ನೀವು ಬರೆಯುವ ವಾಕ್ಯ ಪೂರ್ತಿ ಸರಿಯಾಗಿರುತ್ತದೆ.